ಬಿಗಿ ಮಾಡುವ ಮುನ್ನ

ಮಗು, ಲೇತಿನ ಚಕ್ ಕೀಗೆ ಪೈಪ್ ತೂರಿಸಿ, ಜೋತುಬಿದ್ದು ಬಿಗಿ ಮಾಡುವ ಚಾಳಿಯನ್ನು ಮೊದಲ ವಾರದಲ್ಲೇ ಬಿಟ್ಟುಬಿಡು. ಐಟಿಐ ಮುಗಿಸಿ ಪೀಣ್ಯಕ್ಕೆ ಬರುವ ಹುಡುಗರಿಗೆಲ್ಲ ಬಿಗಿ ಹೆಚ್ಚಿದಷ್ಟೂ ಜಾಬ್ ಭದ್ರ ಅನ್ನಿಸುತ್ತದೆ. ದಪ್ಪ ಶಾಫ್ಟ್ ಅದನ್ನು ತಡೆದುಕೊಳ್ಳುತ್ತದೆ, ತೆಳು ಗೋಡೆಯ ರಿಂಗ್ ತಡೆಯುವುದಿಲ್ಲ.

ಮೂರು ಜಾ ಚಕ್ಕಿನಲ್ಲಿ ರಿಂಗ್ ಕಟ್ಟಿದಾಗ ಜಾ ಕೂತ ಮೂರು ಕಡೆ ಗೋಡೆ ಒಳಕ್ಕೆ ತಗ್ಗುತ್ತದೆ. ಕಣ್ಣಿಗೆ ಕಾಣದ ಕೆಲವು ಮೈಕ್ರಾನ್ ಅಷ್ಟೆ. ಬೋರ್ ಹೊಡೆಯುವಾಗ ಟೂಲು ಅಲ್ಲಿ ಹೆಚ್ಚು ಲೋಹ ಕೆರೆದು ಗುಂಡಗೆ ಮಾಡಿಕೊಡುತ್ತದೆ. ಜಾ ಸಡಿಲಿಸಿದ ಕೂಡಲೇ ಗೋಡೆ ತನ್ನ ಜಾಗಕ್ಕೆ ಮರಳುತ್ತದೆ, ಬೋರ್ ಮೂರು ಕಡೆ ಉಬ್ಬಿ ನಿಲ್ಲುತ್ತದೆ. ಇದರಲ್ಲಿ ಇನ್ನೊಂದು ಮೋಸವಿದೆ. ಎರಡು ಕಡೆ ತಾಗುವ ಬೋರ್ ಗೇಜನ್ನು ಹೇಗೆ ತಿರುಗಿಸಿದರೂ ಅಳತೆ ಹೆಚ್ಚುಕಡಿಮೆ ಒಂದೇ ಬರುತ್ತದೆ. ಒಂದು ಉಬ್ಬಿನ ಎದುರಿಗೆ ಯಾವಾಗಲೂ ಒಂದು ತಗ್ಗು ಇರುತ್ತದಲ್ಲ! ಮೂರು ಕಡೆ ತಾಗುವ ಗೇಜ್ ಹಾಕಿದರೆ ಬಣ್ಣ ಬಯಲಾಗುತ್ತದೆ. ಇದು ತಿಳಿಯದೆ ಅಸೆಂಬ್ಲಿಯವರ ಮೇಲೆ ತಪ್ಪು ಹೊರಿಸಿದ ಶೆಡ್ಡುಗಳನ್ನು ನಾನು ನೋಡಿದ್ದೇನೆ.

ಅದಕ್ಕೇ ಸಾಫ್ಟ್ ಜಾ. ಜಾಬಿನ ಅಳತೆಗೆ ಸರಿಯಾಗಿ ಬೋರ್ ಮಾಡಿಕೊಂಡರೆ ಹಿಡಿತ ಸುತ್ತಲೂ ಹರಡುತ್ತದೆ. ಆ ಬೋರನ್ನು ಖಾಲಿ ಚಕ್ಕಿನಲ್ಲಿ ಮಾಡಬೇಡ. ಜಾಗಳಿಗೆ ಒಂದು ರಿಂಗ್ ಹಿಡಿಸಿ, ಜಾಬ್ ಕಟ್ಟುವ ಪ್ರೆಷರಿನಲ್ಲೇ ಮಾಡು. ಫಿನಿಶ್ ಕಟ್‌ಗೆ ಮುನ್ನ ಪ್ರೆಷರ್ ಇಳಿಸು. ಆದರೆ ಸ್ಪಿಂಡಲ್ ವೇಗ ಏರಿದಂತೆ ಹಿಡಿತ ತಾನಾಗಿ ಕಡಿಮೆಯಾಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೋ.

ಬೋಲ್ಟ್ ಬಿಗಿಯುವಾಗಲೂ ಇದೇ ಪಾಠ. ಫ್ಲ್ಯಾಂಜ್ ಬೋಲ್ಟುಗಳನ್ನು ಸಾಲಾಗಿ ಬಿಗಿಯುತ್ತಾ ಹೋದರೆ ಒಂದು ಕಡೆ ಗ್ಯಾಸ್ಕೆಟ್ ಹಿಂಡಿಹೋಗಿ ಎದುರು ಕಡೆ ಬಾಯಿ ಬಿಡುತ್ತದೆ. ಎದುರುಬದುರಾಗಿ, ಮೂರು ಸುತ್ತಿನಲ್ಲಿ ಏರಿಸು. ಟಾರ್ಕ್ ರೆಂಚ್ ಇದೆಯೆಂದು ಮೈಮರೆಯಬೇಡ. ನೀನು ಹಾಕುವ ಟಾರ್ಕಿನಲ್ಲಿ ಸುಮಾರು ಶೇ 90ರಷ್ಟು ಥ್ರೆಡ್ಡಿನ, ತಲೆಯಡಿಯ ಘರ್ಷಣೆಗೇ ಖರ್ಚಾಗುತ್ತದೆ. ಒಂದು ಬೋಲ್ಟಿಗೆ ಎಣ್ಣೆ ಹಚ್ಚಿ, ಇನ್ನೊಂದನ್ನು ಒಣದಾಗಿಯೇ ಹಾಕಿದರೆ ಒಂದೇ ಟಾರ್ಕಿಗೆ ಎರಡರ ಹಿಡಿತ ಬೇರೆಬೇರೆ.

ಹಿಡಿತ ಸಮನಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತುಮಕೂರು ರಸ್ತೆಯ ಮೇಲ್ಸೇತುವೆಯನ್ನೇ ನೋಡು. ಕಾಂಕ್ರೀಟಿನೊಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್‌ಗಳಲ್ಲಿದೆ ಅದರ ಜೀವ. 2021ರ ಡಿಸೆಂಬರಿನಲ್ಲಿ 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ ಕೆಟ್ಟಿರುವುದು ಕಂಡು ಸಂಚಾರ ನಿಲ್ಲಿಸಿದರು. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಹೆಗಲು ತಗ್ಗಿಸಿದರೆ ಭಾರ ಉಳಿದವರ ಮೇಲೆ ಬೀಳುವ ಹಾಗೆ, ಒಂದು ಕೇಬಲ್ ಸಡಿಲವಾದರೆ ಪಕ್ಕದವು ಅದರ ಪಾಲನ್ನೂ ಹೊರಬೇಕು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳನ್ನು ಬಿಟ್ಟರು; ಲಾರಿಗಳು ಮತ್ತೆ ಹತ್ತಿದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ನಮ್ಮ ಮಾಲೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಿತು.

ನಾಳೆ ಸಾಫ್ಟ್ ಜಾ ಬೋರ್ ಮಾಡಿದ ಮೇಲೆ ಜಾಬಿಗೆ ತೆಳ್ಳಗೆ ಬ್ಲೂ ಹಚ್ಚಿ, ಒಮ್ಮೆ ಕಟ್ಟಿ ಬಿಚ್ಚಿ ನೋಡು. ಜಾಗಳ ಅಂಚಿಗೆ ಮಾತ್ರ ಹತ್ತಿದ್ದರೆ ಮತ್ತೆ ಬೋರ್ ಮಾಡು. ಸೂಪರ್‌ವೈಸರ್ ಅವಸರ ಮಾಡಿದರೆ ನಾನು ಹೇಳಿದ್ದು ಅಂತ ಹೇಳು.