ಒಂದಲ್ಲ, ಎರಡು ಬ್ರೌಸರು ಬೇಕು

ಕಳೆನಾಶಕ ಹೊಡೆದ ಸ್ಪ್ರೇಯರಿನಲ್ಲೇ ಬದನೆ ಗಿಡಕ್ಕೂ ಸಿಂಪಡಿಸಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ತೊಳೆದರೂ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದಕ್ಕೇ ಅನುಭವಸ್ಥರು ಕಳೆನಾಶಕಕ್ಕೆ ಬೇರೆಯೇ ಸ್ಪ್ರೇಯರು ಇಟ್ಟಿರುತ್ತಾರೆ.

ಮೊಬೈಲಿನ ವಿಷಯದಲ್ಲಿ ಮಾತ್ರ ನಮಗೆ ಈ ಜಾಗ್ರತೆ ಇಲ್ಲ. ಆರ್‌ಟಿಸಿ ತೆಗೆಯುವುದು, ಬ್ಯಾಂಕಿನ ಲೆಕ್ಕ ನೋಡುವುದು, ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕು ಒತ್ತುವುದು – ಎಲ್ಲವೂ ಒಂದೇ ಬ್ರೌಸರಿನಲ್ಲಿ. ನಾನೂ ಹಾಗೇ ಮಾಡುತ್ತಿದ್ದೆ, ಪೆಟ್ಟು ತಿನ್ನುವವರೆಗೆ.

ಪೆಟ್ಟು ಬಿದ್ದದ್ದು ಹೀಗೆ

ತೋಟಕ್ಕೆ ಸೋಲಾರ್ ಪಂಪ್‌ಸೆಟ್ಟು ಹಾಕಿಸುವ ಆಸೆ ಇತ್ತು. ಸಬ್ಸಿಡಿ ಉಂಟು ಅಂತ ಕೇಳಿದ್ದೆ. ಒಂದು ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ಸೈಟನ್ನು ಒತ್ತಿದೆ. ಸಿಂಹದ ಲಾಂಛನ, ತ್ರಿವರ್ಣದ ಪಟ್ಟಿ, ಯೋಜನೆಯ ಹೆಸರು ಎಲ್ಲ ಇತ್ತು. ಸರ್ವೆ ನಂಬ್ರ, ಆಧಾರ್ ನಂಬ್ರ ತುಂಬಿಸಿದೆ. ಮರುದಿನ ಬೆಳಿಗ್ಗೆ ಫೋನು ಬಂತು. "ನಿಮ್ಮ ಹೆಸರು ಪಟ್ಟಿಯಲ್ಲಿದೆ, ನೋಂದಣಿ ಶುಲ್ಕ ಈವತ್ತೇ ಕಟ್ಟಿ" ಅಂದರು. ಐದು ಸಾವಿರದ ಚಿಲ್ಲರೆ ಕಟ್ಟಿದೆ. ಆಮೇಲೆ ಅವರ ಫೋನಿಲ್ಲ, ನನ್ನ ದುಡ್ಡಿಲ್ಲ. ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಅದೇ ದೊಡ್ಡ ತಪ್ಪಾಯಿತು.

ಇದು ನನ್ನೊಬ್ಬನ ಕತೆಯಲ್ಲ. ಪಿಎಂ ಕುಸುಮ್ ಯೋಜನೆ 2019ರಲ್ಲಿ ಬಂದ ಹೊಸತರಲ್ಲೇ ಅದರ ಹೆಸರಿನ ನಕಲಿ ಸೈಟುಗಳೂ ಹುಟ್ಟಿಕೊಂಡವು. ಅವುಗಳ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2019 ಮತ್ತು 2020ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಾನು ಓದಿರಲಿಲ್ಲ, ಅಷ್ಟೆ.

ದುಡ್ಡು ಹೋದದ್ದಲ್ಲದೆ ಇನ್ನೊಂದು ಕಾಟ ಶುರುವಾಯಿತು. ಆ ಸೈಟು 'ಅನುಮತಿಸಿ' ಅಂತ ಕೇಳಿದಾಗ ಒತ್ತಿಬಿಟ್ಟಿದ್ದೆ. ಮರುದಿನದಿಂದ ದಿನವಿಡೀ ಸಾಲ ಬೇಕೇ, ಬಹುಮಾನ ಬಂದಿದೆ, ಮೊಬೈಲಿಗೆ ವೈರಸ್ ಬಂದಿದೆ ಅಂತ ಟಣ್ ಟಣ್. ರಜೆಯಲ್ಲಿ ಮನೆಗೆ ಬಂದ ಮಗಳು ನೋಡಿ, "ಅಪ್ಪಾ, ಕಳೆ ಔಷಧಿಗೆ ಬೇರೆ ಸ್ಪ್ರೇಯರು ಇಟ್ಟಿದ್ದೀರಿ, ಇದಕ್ಕೆ ಯಾಕೆ ಒಂದೇ?" ಅಂದಳು. ಅಲ್ಲಿಂದ ಈ ಪಾಠ.

ಬೇರುಸಸಿ ಮೂರೇ

ಇಂಟರ್ನೆಟ್ಟಿನ ಪುಟಗಳನ್ನು ತಂದು ನಮಗೆ ಓದುವ ಹಾಗೆ ತೋರಿಸುವ ಸಾಧನವೇ ಬ್ರೌಸರು. ಮೊದಲನೆಯದನ್ನು 1990ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಮಾಡಿದರು. ಅಕ್ಷರದ ನಡುವೆಯೇ ಚಿತ್ರವನ್ನೂ ತೋರಿಸಿ ಜನಪ್ರಿಯವಾದದ್ದು 1993ರ ಮೊಸಾಯಿಕ್. ಒಂದು ಕಾಲದಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ಇದ್ದ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿಲ್ಲಿಸಿತು.

ಈಗ ಪ್ಲೇಸ್ಟೋರಿನಲ್ಲಿ ಹುಡುಕಿದರೆ ಹತ್ತಾರು ಬ್ರೌಸರು ಕಾಣುತ್ತವೆ. ಗಾಬರಿ ಬೇಡ. ಕಾಟುಮಾವಿನ ಬೇರುಸಸಿಗೆ ಬೇರೆ ಬೇರೆ ಕಸಿಕಡ್ಡಿ ಕಟ್ಟಿದ ಹಾಗೆ ಇವು. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ಸ್ಯಾಮ್‌ಸಂಗ್ ಇಂಟರ್ನೆಟ್ – ಇಷ್ಟಕ್ಕೂ ಬೇರುಸಸಿ ಒಂದೇ, ಗೂಗಲ್ಲಿನ ಕ್ರೋಮಿಯಂ. ಫೈರ್‌ಫಾಕ್ಸಿನದ್ದು ಬೇರೆ ಬೇರು, ಗೆಕ್ಕೊ. ಐಫೋನಿನ ಸಫಾರಿಯದ್ದು ಮೂರನೆಯದು, ವೆಬ್‌ಕಿಟ್.

ಇದರಿಂದ ಒಂದು ಮಾತು ತಿಳಿಯುತ್ತದೆ. ಒಂದೇ ಬೇರಿನ ಬ್ರೌಸರುಗಳ ನಡುವೆ ವೇಗದ ವ್ಯತ್ಯಾಸ ಹೆಚ್ಚೇನೂ ಇಲ್ಲ. ವ್ಯತ್ಯಾಸ ಇರುವುದು ಜಾಹೀರಾತು ತಡೆಯುವುದರಲ್ಲಿ, ನಮ್ಮ ಹೆಜ್ಜೆಗುರುತು ಕಾಯುವುದರಲ್ಲಿ, ಹಳೇ ಮೊಬೈಲಿನಲ್ಲಿ ನಡೆಯುವುದರಲ್ಲಿ.

ಒಂದೊಂದಾಗಿ ನೋಡೋಣ

ಕ್ರೋಮ್: ಹೆಚ್ಚಿನ ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ ಕೊಳ್ಳುವಾಗಲೇ ಇರುತ್ತದೆ. ಸೈಟು ಮಾಡುವವರು ಹೆಚ್ಚಾಗಿ ಇದರಲ್ಲೇ ಪರೀಕ್ಷೆ ಮಾಡುವುದರಿಂದ ಸರಕಾರಿ ಸೈಟು ತಕರಾರಿಲ್ಲದೆ ತೆರೆಯುವ ಸಂಭವ ಹೆಚ್ಚು. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿಯೂ ಕೊಡುತ್ತದೆ. ಆದರೆ ಔಷಧಿಯ ಪ್ರಮಾಣವನ್ನು ಮಾತ್ರ ಆ ಅನುವಾದ ನಂಬಿ ಬೆರೆಸಬೇಡಿ, ಡಬ್ಬಿಯ ಚೀಟಿ ನೋಡಿ. ಮೊಬೈಲಿನ ಕ್ರೋಮಿಗೆ ಜಾಹೀರಾತು ತಡೆಯುವ ಸಾಧನ ಸೇರಿಸಲು ಬರುವುದಿಲ್ಲ. ಹಿಂದೆ ಇದರಲ್ಲಿ ಡೇಟಾ ಉಳಿಸುವ 'ಲೈಟ್ ಮೋಡ್' ಇತ್ತು. 2022ರಲ್ಲಿ ಅದನ್ನು ತೆಗೆದುಬಿಟ್ಟರು.

ಫೈರ್‌ಫಾಕ್ಸ್: ಮೊಜಿಲ್ಲಾ ಎಂಬ ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನದ ಕೈಕೆಳಗಿನದ್ದು, 2004ರಿಂದ ಉಂಟು. ಮೊಬೈಲಿನಲ್ಲೂ 'ಯುಬ್ಲಾಕ್ ಒರಿಜಿನ್' ಎಂಬ ಜಾಹೀರಾತು ತಡೆಯನ್ನು ಪುಕ್ಕಟೆಯಾಗಿ ಸೇರಿಸಿಕೊಳ್ಳಬಹುದು. ಕೆಲವು ಸೈಟುಗಳು ಇದರಲ್ಲಿ ಸರಿಯಾಗಿ ತೆರೆಯದಿರುವುದುಂಟು.

ಬ್ರೇವ್: ಜಾಹೀರಾತು ತಡೆ ಹುಟ್ಟಿನಿಂದಲೇ ಇದೆ, ಏನೂ ಸೇರಿಸಬೇಕಿಲ್ಲ. ಯಾವುದಾದರೂ ಸೈಟು ಕೆಟ್ಟರೆ ಸಿಂಹದ ಗುರುತು ಒತ್ತಿ ಆ ಸೈಟಿಗೆ ಮಾತ್ರ ತಡೆ ತೆಗೆಯಬಹುದು. ಅದರದ್ದೇ ಆದ ಕ್ರಿಪ್ಟೊ, ಬಹುಮಾನದ ವ್ಯವಹಾರಗಳೂ ಒಳಗಿವೆ. ನಮಗೆ ಅದು ಬೇಡ, ಮುಟ್ಟದಿದ್ದರೆ ಆಯ್ತು.

ಎಡ್ಜ್, ಸ್ಯಾಮ್‌ಸಂಗ್ ಇಂಟರ್ನೆಟ್: ಕ್ರೋಮಿನ ದಾಯಾದಿಗಳು. ಸ್ಯಾಮ್‌ಸಂಗ್ ಮೊಬೈಲು ಇದ್ದವರಿಗೆ ಅದರ ಬ್ರೌಸರು ಮೊದಲೇ ಇರುತ್ತದೆ, ಚೆನ್ನಾಗಿಯೇ ಉಂಟು.

ಒಪೆರಾ ಮಿನಿ: ಪುಟವನ್ನು ತನ್ನ ಕಂಪ್ಯೂಟರಿಗೆ ತರಿಸಿ, ಹಿಂಡಿ ಸಣ್ಣ ಮಾಡಿ ನಮಗೆ ಕಳಿಸುತ್ತದೆ. ಸಿಗ್ನಲ್ ಕಮ್ಮಿ ಇರುವ ಗುಡ್ಡದ ಮನೆಗಳಿಗೆ ಇದು ಉಪಕಾರಿ. ಆದರೆ ತೀರಾ ಹಿಂಡುವ ಮೋಡಿನಲ್ಲಿ ನಾವು ಬರೆದದ್ದು, ಓದಿದ್ದು ಎಲ್ಲ ನಡುವಿನ ಆ ಕಂಪ್ಯೂಟರನ್ನು ದಾಟಿಯೇ ಹೋಗಬೇಕು. ಸುದ್ದಿ ಓದಲು ಸರಿ, ಬ್ಯಾಂಕಿಗೆ ಬೇಡ.

ಯುಸಿ ಬ್ರೌಸರ್: ನಮ್ಮಲ್ಲಿ ಬಹಳ ಮಂದಿ ಬಳಸುತ್ತಿದ್ದರು. 2020ರ ಜೂನ್ 29ರಂದು ಕೇಂದ್ರ ಸರಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಇದೂ ಒಂದು. ಹಳೇ ಮೊಬೈಲಿನಲ್ಲಿ ಇನ್ನೂ ಉಳಿದಿದ್ದರೆ ತೆಗೆದುಹಾಕಿ.

ಹಳೇ ಮೊಬೈಲಿನವರು ಗಮನಿಸಿ

ಬ್ರೌಸರಿನ ತೂತುಗಳನ್ನು ಕಂಪೆನಿಯವರು ಆಗಾಗ ಮುಚ್ಚುತ್ತಿರುತ್ತಾರೆ. ಅಪ್‌ಡೇಟ್ ಅಂದರೆ ಅದೇ. ಅಪ್‌ಡೇಟ್ ನಿಂತ ಬ್ರೌಸರು ಮುರಿದ ಬೇಲಿ ಇದ್ದ ಹಾಗೆ. 2025ರ ಆಗಸ್ಟಿನಲ್ಲಿ ಬಂದ ಕ್ರೋಮ್ 139ಕ್ಕೆ ಆ್ಯಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸತು ಬೇಕು. ಆ್ಯಂಡ್ರಾಯ್ಡ್ 8 ಮತ್ತು 9ರವರಿಗೆ ಹೊಸ ಕ್ರೋಮ್ ಸಿಗುವುದಿಲ್ಲ. ಅದೇ ವರ್ಷದ ಕೊನೆಯಲ್ಲೂ ಫೈರ್‌ಫಾಕ್ಸು ಇವೆರಡಕ್ಕೂ ಸಿಗುತ್ತಿತ್ತು. ನಿಮ್ಮದು ಎಷ್ಟನೆಯದು ಅಂತ ಸೆಟ್ಟಿಂಗಿನ 'ಫೋನ್ ಕುರಿತು' ಎಂಬಲ್ಲಿ ನೋಡಿ. ಹತ್ತಕ್ಕಿಂತ ಕೆಳಗಿದ್ದರೆ ಆ ಮೊಬೈಲಿನಲ್ಲಿ ಹಣದ ವ್ಯವಹಾರ ಮಾಡದಿರುವುದೇ ಲೇಸು.

ನೀವೇ ಪರೀಕ್ಷೆ ಮಾಡಿ

ಬೇರೆಯವರ ಮಾತು ಕೇಳಿ ತಳಿ ಆಯ್ಕೆ ಮಾಡಿ ಕೈಸುಟ್ಟುಕೊಂಡವರು ನಾವು. ಇಲ್ಲಿ ಹಾಗೆ ಬೇಡ. ಎರಡು ಬ್ರೌಸರು ಹಾಕಿಕೊಂಡು ಒಂದು ವಾರ ಹೀಗೆ ನೋಡಿ.

1. ಡೇಟಾ: ಮೂರು ದಿನ ಒಂದರಲ್ಲಿ, ಮೂರು ದಿನ ಇನ್ನೊಂದರಲ್ಲಿ ಅದೇ ಸುದ್ದಿ ಸೈಟು, ಅದೇ ಅಡಿಕೆ ಧಾರಣೆ ನೋಡಿ. ಆಮೇಲೆ ಸೆಟ್ಟಿಂಗಿನಲ್ಲಿ ಆ್ಯಪುಗಳ ಡೇಟಾ ಬಳಕೆಯನ್ನು ಹೋಲಿಸಿ. ಜಾಹೀರಾತು ತುಂಬಿದ ಸೈಟಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜಾಹೀರಾತೇ ಇಲ್ಲದ ಸರಕಾರಿ ಸೈಟಿನಲ್ಲಿ ವ್ಯತ್ಯಾಸ ಇರುವುದಿಲ್ಲ.

2. ಕೆಲಸ: ಆರ್‌ಟಿಸಿ ತೆರೆಯಿರಿ, ಪಿಎಂ ಕಿಸಾನ್ ಕಂತು ನೋಡಿ, ಬೆಳೆ ವಿಮೆಯ ಸ್ಥಿತಿ ನೋಡಿ. ಪುಟ ಅರ್ಧದಲ್ಲಿ ನಿಂತರೆ ಮೂರು ಚುಕ್ಕಿಯ ಮೆನುವಿನಲ್ಲಿ 'ಡೆಸ್ಕ್‌ಟಾಪ್ ಸೈಟ್' ಒತ್ತಿ ನೋಡಿ. ಆಗಲೂ ಆಗದಿದ್ದರೆ ಆ ಕೆಲಸಕ್ಕೆ ಆ ಬ್ರೌಸರು ಆಗಲಿಕ್ಕಿಲ್ಲ.

3. ಕನ್ನಡ: ಅಕ್ಷರ ದೊಡ್ಡದು ಮಾಡಿದಾಗ ಸಾಲು ಪರದೆಯೊಳಗೆ ನಿಲ್ಲುತ್ತದೋ ನೋಡಿ. ಹಳೇ ನುಡಿ ಫಾಂಟಿನ ಕೆಲವು ಪುಟಗಳು ಯಾವ ಬ್ರೌಸರಿನಲ್ಲೂ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತವೆ. ಅದು ಬ್ರೌಸರಿನ ದೋಷವಲ್ಲ.

4. ಕೈಗೆ ಒಗ್ಗುವುದು: ಮನೆಯ ಹಿರಿಯರಿಗೂ ಕೊಟ್ಟು ನೋಡಿ. ಅವರಿಗೆ ಹಿಂದೆ ಹೋಗಲು, ಪುಟ ಮುಚ್ಚಲು ಸುಲಭವೇ?

ಹಂಚಿಕೆ ಹೇಗೆ?

ನನ್ನ ಮೊಬೈಲಿನಲ್ಲಿ ಈಗ ಎರಡು ಬ್ರೌಸರು. ಕ್ರೋಮ್ 'ಉಗ್ರಾಣ', ಫೈರ್‌ಫಾಕ್ಸ್ 'ಅಂಗಳ'. ನಿಮಗೆ ಬೇರೆ ಜೋಡಿ ಹಿಡಿಸಬಹುದು, ಅಡ್ಡಿಯಿಲ್ಲ. ಕ್ರಮ ಮುಖ್ಯ.

ಉಗ್ರಾಣದಲ್ಲಿ ದುಡ್ಡು, ಜಾಗ, ಆಧಾರ್ ಸಂಬಂಧದ ಸೈಟುಗಳು ಮಾತ್ರ. ಭೂಮಿ, ಫ್ರೂಟ್ಸ್, ಸಂರಕ್ಷಣೆ, ಪಿಎಂ ಕಿಸಾನ್, ಬ್ಯಾಂಕು – ಪ್ರತಿಯೊಂದರ ಸರಿಯಾದ ಅಡ್ರೆಸ್ಸನ್ನು ಒಮ್ಮೆ ಜಾಗ್ರತೆಯಿಂದ ಹಾಕಿ, ಬುಕ್‌ಮಾರ್ಕ್ ಮಾಡಿ ಇಟ್ಟಿದ್ದೇನೆ. ಮತ್ತೆ ಹುಡುಕುವ ಕೆಲಸ ಇಲ್ಲ. ನನ್ನನ್ನು ಹಳ್ಳಕ್ಕೆ ಹಾಕಿದ್ದು ಹುಡುಕುವ ಅಭ್ಯಾಸವೇ. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು.

ಅಂಗಳದಲ್ಲಿ ಉಳಿದದ್ದೆಲ್ಲ: ಸುದ್ದಿ, ಧಾರಣೆ, ರೋಗಕ್ಕೆ ಮದ್ದು ಹುಡುಕುವುದು, ಯಂತ್ರದ ಬೆಲೆ. ಮುಖ್ಯ ಸಂಗತಿ ಏನೆಂದರೆ, ಮೊಬೈಲಿನ ಡೀಫಾಲ್ಟ್ ಬ್ರೌಸರು ಅಂಗಳದ್ದೇ ಆಗಿರಬೇಕು. ಸೆಟ್ಟಿಂಗಿನಲ್ಲಿ ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್, ಅಲ್ಲಿ ಬ್ರೌಸರ್ ಅಂತ ಇರುತ್ತದೆ. ಹೀಗೆ ಮಾಡಿದರೆ ವಾಟ್ಸಾಪಿನಲ್ಲಿ ಒತ್ತಿದ ಲಿಂಕು ತಾನಾಗಿ ಅಂಗಳಕ್ಕೆ ಬೀಳುತ್ತದೆ, ಉಗ್ರಾಣದೊಳಗೆ ಬರುವುದಿಲ್ಲ. ಒಂದು ಬ್ರೌಸರಿನಲ್ಲಿ ನಾವು ಲಾಗಿನ್ ಆದದ್ದು ಇನ್ನೊಂದರ ಪುಟಗಳಿಗೆ ಗೊತ್ತಾಗುವುದಿಲ್ಲ. ಉಗ್ರಾಣದ ಬಾಗಿಲು ನಾವಾಗಿ ತೆರೆದರೆ ಮಾತ್ರ ತೆರೆಯಬೇಕು.

ನೋಟಿಫಿಕೇಶನಿನ ಕಾಟ ಇದ್ದವರು ಬ್ರೌಸರಿನ ಸೆಟ್ಟಿಂಗಿನಲ್ಲಿ ಸೈಟ್ ಸೆಟ್ಟಿಂಗ್, ಅದರೊಳಗೆ ಅಧಿಸೂಚನೆಗಳು ಎಂಬಲ್ಲಿ ಹೋಗಿ ಗುರುತಿಲ್ಲದ ಸೈಟುಗಳನ್ನೆಲ್ಲ ನಿರ್ಬಂಧಿಸಿ. ನನ್ನದರಲ್ಲಿ ಟಣ್ ಟಣ್ ಅಲ್ಲಿಗೇ ನಿಂತಿತು.

ಬೀಗದ ಚಿತ್ರ ನಂಬಬೇಡಿ, ಬಾಲ ನೋಡಿ

ಅಡ್ರೆಸ್ಸಿನ ಪಕ್ಕ ಬೀಗದ ಚಿತ್ರ ಇದ್ದರೆ ಸೈಟು ಒಳ್ಳೆಯದು ಅಂತ ನಂಬಿದ್ದೆವು. ಬೀಗದ ಅರ್ಥ ಅದಲ್ಲ. ನಮ್ಮ ಮೊಬೈಲಿಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಓದಲಾರರು ಅಂತ ಮಾತ್ರ. ಸೈಟಿನವನೇ ಕಳ್ಳನಾದರೆ ಬೀಗ ಏನು ಮಾಡೀತು? ಈ ತಪ್ಪು ತಿಳುವಳಿಕೆ ಹೋಗಲೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು.

ನೋಡಬೇಕಾದ್ದು ಅಡ್ರೆಸ್ಸಿನ ಬಾಲ. ಕಾಗದದ ವಿಳಾಸದಲ್ಲಿ ಊರು, ತಾಲೂಕು, ಕೊನೆಗೆ ಜಿಲ್ಲೆ ಇದ್ದ ಹಾಗೆ ಇಲ್ಲೂ ಕೊನೆಯದ್ದೇ ಯಜಮಾನ. ಮೊದಲ ಓರೆಗೆರೆಯ ಹಿಂದೆ 'ಡಾಟ್ ಜಿಓವಿ ಡಾಟ್ ಐಎನ್' ಎಂದು ಮುಗಿದರೆ ಅದು ಸರಕಾರದ್ದು. 'ಕುಸುಮ್-ಜಿಓವಿ-ಐಎನ್ ಡಾಟ್ ಕಾಮ್' ಎಂದಿದ್ದರೆ ಯಜಮಾನ ಬೇರೆ ಯಾರೋ. ಸರಕಾರದ ಕಾರ್ಯಕ್ರಮಗಳ ಕೆಲವು ನಿಜವಾದ ಸೈಟುಗಳಿಗೂ ಬೇರೆ ಬಾಲ ಇರುವುದುಂಟು. ಅಂಥದಕ್ಕೆ ಇಲಾಖೆಯ ಜಿಓವಿ ಸೈಟಿನ ಒಳಗಿಂದಲೇ ಹೋಗಿ. ಇಲ್ಲವೇ ಕಚೇರಿಗೆ ಹೋಗಿ ಅಡ್ರೆಸ್ಸು ಬರೆಸಿಕೊಂಡು ಬನ್ನಿ.

ಕ್ರೋಮ್, ಫೈರ್‌ಫಾಕ್ಸ್‌ಗಳು ಗೊತ್ತಿರುವ ಕಳ್ಳ ಸೈಟುಗಳ ಪಟ್ಟಿ ಇಟ್ಟುಕೊಂಡು ಕೆಂಪು ಪರದೆ ತೋರಿಸಿ ತಡೆಯುತ್ತವೆ. ಕೆಂಪು ಕಂಡರೆ ಹಿಂದೆ ಬನ್ನಿ. ಆದರೆ ನಿನ್ನೆ ಹುಟ್ಟಿದ ಕಳ್ಳ ಸೈಟು ಪಟ್ಟಿಯಲ್ಲಿ ಇರಲಾರದು. ಯಾವುದೇ ಸೈಟು 'ಎಪಿಕೆ' ಎಂದು ಮುಗಿಯುವ ಫೈಲು ಇಳಿಸಲು ಹೇಳಿದರೆ ತೆರೆಯಲೇಬೇಡಿ. ಎಷ್ಟು ಒಳ್ಳೆಯ ಬ್ರೌಸರಾದರೂ ನೀವಾಗಿ ಹೇಳಿದ ಓಟಿಪಿಯನ್ನು ವಾಪಸು ತರಲಾರದು.

ದುಡ್ಡು ಹೋಯಿತೋ, ನನ್ನ ಹಾಗೆ ನಾಲ್ಕು ದಿನ ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣ ಮುಂದೆ ಹೋಗದ ಹಾಗೆ ತಡೆಯುವ ಅವಕಾಶ ಉಂಟು. ನಾನು ಹೇಳುವಾಗ ತಡವಾಗಿತ್ತು.

ಸೋಲಾರ್ ಪಂಪ್‌ಸೆಟ್ಟು ಇನ್ನೂ ಬಂದಿಲ್ಲ. ಅರ್ಜಿಯನ್ನು ಈ ಸಲ ಕಚೇರಿಯಲ್ಲಿ ಕೇಳಿ, ಉಗ್ರಾಣದ ಬ್ರೌಸರಿನಲ್ಲೇ ಹಾಕಿದ್ದೇನೆ. ಎರಡು ಬ್ರೌಸರು ಇಟ್ಟುಕೊಳ್ಳಲು ಖರ್ಚಿಲ್ಲ, ಅರ್ಧ ಗಂಟೆ ಸಾಕು. ನೀವು ಬೇರೆ ಜೋಡಿ ಬಳಸಿ ನೋಡಿದ್ದರೆ, ಯಾವುದರಲ್ಲಿ ಯಾವ ಸೈಟು ಕೈಕೊಟ್ಟಿತು ಅಂತ ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ಉಪಕಾರವಾದೀತು.