ದಡದವನ ಹೊತ್ತು

ದೋಣಿ ಇಲ್ಲದೆ ವಾಲೈ ಸಿಗುವುದಿಲ್ಲ ಎಂದು ಮಿನೆಸೋಟಾದಲ್ಲಿ ನನಗೆ ಬುದ್ಧಿ ಹೇಳಿದವರೆಲ್ಲ ದೋಣಿ ಇದ್ದವರೇ. ಅವರನ್ನು ದೂರುವಂತಿಲ್ಲ. 1965ರಿಂದ ವಾಲೈ ಇಲ್ಲಿನ ಅಧಿಕೃತ ರಾಜ್ಯಮೀನು. ಮೇ ತಿಂಗಳ ನಡುವೆ ಒಳನಾಡಿನ ಕೆರೆಗಳಲ್ಲಿ ವಾಲೈ ಹಿಡಿಯುವ ಕಾಲ ಶುರುವಾಗುವ ದಿನ ಗವರ್ನರ್ ಕೂಡ ಗಾಳ ಹಿಡಿದು ಕ್ಯಾಮೆರಾ ಮುಂದೆ ಕೂರಬೇಕು. ಅದು 1948ರಿಂದ ನಡೆದುಬಂದ ಪದ್ಧತಿ. ಆ ವಾರ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಪಿಕಪ್‌ಗಳ ಬೆನ್ನಿಗೆ ದೋಣಿ, ದೋಣಿಯಲ್ಲಿ ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್. ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿರುವ ನನಗೆ ದೋಣಿ ಕೊಳ್ಳುವ ಮಾತು ಒತ್ತಟ್ಟಿಗಿರಲಿ, ಕೊಂಡರೆ ನಿಲ್ಲಿಸಲು ಜಾಗವಿಲ್ಲ. ಕೆರೆಗಳ ಆಸೆ ಬಿಟ್ಟು ಮಿಸಿಸಿಪ್ಪಿಯ ದಡ ಹಿಡಿದೆ.

ಹಿಡಿದದ್ದು ಒಳ್ಳೆಯದೇ ಆಯಿತು. ಕೆರೆಯಲ್ಲಿ ಮೀನು ಇರುವಲ್ಲಿಗೆ ನಾವು ಹೋಗಬೇಕು. ನದಿಯಲ್ಲಿ ಮೀನೇ ಓಡಾಡುತ್ತದೆ, ನಾವಿರುವಲ್ಲಿಗೂ ಬರುತ್ತದೆ. ಯಾವಾಗ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ದೋಣಿಯವನು ಜಾಗ ಹುಡುಕುತ್ತಾನೆ, ದಡದವನು ಹೊತ್ತು ಕಾಯುತ್ತಾನೆ. ರೆಡ್ ವಿಂಗ್ ಊರಿನ ಆಸುಪಾಸಿನ ಕಲ್ಲುದಡದಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಈ ಹೊತ್ತಿನ ಲೆಕ್ಕವೇ.

ಆ ಜಾಗದ ಬಗ್ಗೆ ಎರಡು ಮಾತು. ಸೇಂಟ್ ಪಾಲ್ ದಾಟಿ ಕೆಳಗಿಳಿಯುವ ಮಿಸಿಸಿಪ್ಪಿಗೆ ಅಷ್ಟರಲ್ಲಾಗಲೇ ಮಿನೆಸೋಟಾ ನದಿಯ ಕೆಸರು ಸೇರಿರುತ್ತದೆ. ಪ್ರೆಸ್ಕಾಟ್ ಎಂಬಲ್ಲಿ ತಿಳಿನೀರಿನ ಸೇಂಟ್ ಕ್ರೋಯ್ ಬಂದು ಕೂಡುತ್ತದೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಒಂದರ ಮಗ್ಗುಲಿಗೆ ಒಂದು ಹರಿಯುವುದನ್ನು ದಡದಿಂದಲೇ ನೋಡಬಹುದು. ಅದರಿಂದ ಕೆಳಗೆ ಮೂರನೇ ನಂಬರಿನ ಅಣೆಕಟ್ಟು, ಆಮೇಲೆ ರೆಡ್ ವಿಂಗ್, ಆಮೇಲೆ ನದಿ ಹಿಗ್ಗಿ ಪೆಪಿನ್ ಸರೋವರವಾಗುತ್ತದೆ. ವಿಸ್ಕಾನ್ಸಿನ್ ಕಡೆಯಿಂದ ಬರುವ ಚಿಪ್ಪೆವಾ ನದಿ ಹೊತ್ತು ತಂದು ಸುರಿದ ಮರಳೇ ಮಿಸಿಸಿಪ್ಪಿಗೆ ಅಡ್ಡಕಟ್ಟೆಯಾಗಿ ಇಪ್ಪತ್ತು ಮೈಲಿಗೂ ಉದ್ದದ ಈ ಸರೋವರ ಹುಟ್ಟಿದೆ. ವಾಟರ್ ಸ್ಕೀಯಿಂಗ್ ಶುರುವಾದದ್ದು ಇಲ್ಲೇ, 1922ರಲ್ಲಿ, ಎಂದು ಪಕ್ಕದ ಲೇಕ್ ಸಿಟಿಯವರು ಈಗಲೂ ಹೆಮ್ಮೆಪಡುತ್ತಾರೆ. ನನಗೆ ಬೇಕಾದ ಸಂಗತಿ ಬೇರೆ: ಪೆಪಿನ್‌ನಲ್ಲಿ ಮೇದು ಬೆಳೆದ ವಾಲೈಗಳು ಚಳಿಗಾಲದ ಕೊನೆಗೆ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲೆ ಹೊರಡುತ್ತವೆ, ಹತ್ತು ಹನ್ನೆರಡು ಮೈಲಿಯಲ್ಲಿ ಅಣೆಕಟ್ಟು ಎದುರಾಗುತ್ತದೆ, ಸಾಕಷ್ಟು ಮೀನು ಅಲ್ಲೇ ತಂಗುತ್ತವೆ. ಎರಡು ರಾಜ್ಯಗಳ ಗಡಿಯ ನೀರಾದ್ದರಿಂದ ಇಲ್ಲಿ ಕಾಲದ ನಿರ್ಬಂಧವೂ ಇಲ್ಲ. ಒಳನಾಡಿನ ಕೆರೆಗಳಲ್ಲಿ ವಾಲೈ ಮುಟ್ಟುವಂತಿಲ್ಲದ ಮಾರ್ಚ್, ಏಪ್ರಿಲ್‌ನಲ್ಲೂ ಲೈಸೆನ್ಸ್ ಇದ್ದವನು ಇಲ್ಲಿ ಗಾಳ ಹಾಕಬಹುದು.

ಇನ್ನು ಆ ಮೀನಿನ ಕಣ್ಣು. ಹೊತ್ತಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು. ವಾಲೈ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆಸೆಯುವ ಪದರವೊಂದಿದೆ. ಬೆಕ್ಕಿಗೂ ಅಂಥದ್ದೇ ಇರುವುದು. ಒಳಬಂದ ಬೆಳಕು ಎರಡು ಸಲ ದಕ್ಕುವುದರಿಂದ ಮಬ್ಬಿನಲ್ಲಿ, ಕೆಸರಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅದು ತಿನ್ನುವ ಸಣ್ಣ ಮೀನುಗಳಿಗೆ ಆ ಸೌಲಭ್ಯವಿಲ್ಲ. ಸೂರ್ಯ ಮುಳುಗಿ ಬೆಳಕು ಸೋರುತ್ತಿರುವ ಆ ಗಳಿಗೆಯಲ್ಲಿ ಬೇಟೆಗೆ ಕಣ್ಣು ಕತ್ತಲಿಟ್ಟಿರುತ್ತದೆ, ಬೇಟೆಗಾರನಿಗೆ ಎಲ್ಲವೂ ನಿಚ್ಚಳ. ಹಗಲೆಲ್ಲ ಆಳದಲ್ಲಿ ಸುಮ್ಮನಿದ್ದ ವಾಲೈ ಆಗ ದಡದ ಕಲ್ಲುಗಳವರೆಗೆ, ಮೊಣಕಾಲುದ್ದದ ನೀರಿಗೂ ಏರಿ ಬರುತ್ತದೆ. ದೋಣಿಯವರು ದೋಣಿಯನ್ನು ಟ್ರೇಲರಿಗೆ ಕಟ್ಟಿ ಮನೆ ದಾರಿ ಹಿಡಿಯುವ ಹೊತ್ತೂ ಅದೇ. ಮಧ್ಯಾಹ್ನ ಎರಡಕ್ಕೆ ದಡಕ್ಕೆ ಬಂದು ಐದಕ್ಕೆ ಬೇಸತ್ತು ಹೊರಡುವವರನ್ನು ನೋಡಿದಾಗಲೆಲ್ಲ ಇನ್ನೊಂದು ಗಂಟೆ ನಿಲ್ಲಿ ಎನ್ನಬೇಕೆನಿಸುತ್ತದೆ. ಹೇಳುವುದಿಲ್ಲ. ಜಾಗ ಖಾಲಿಯಾದರೆ ನನಗೇ ಲಾಭ.

ಮೋಡ ಮುಚ್ಚಿದ ದಿನ, ಗಾಳಿಗೆ ನೀರು ಕದಡಿ ಅಲೆಯೆದ್ದ ದಿನ, ಮಳೆ ಬಂದು ಹೊಳೆ ಸ್ವಲ್ಪ ಕೆಂಪಾದ ದಿನ ಹಗಲಿನಲ್ಲೂ ಇದೇ ನಿಯಮ. ದೋಣಿಯವರು ಹವಾಮಾನ ಚೆನ್ನಾಗಿದೆ ಎಂದ ದಿನ ನನ್ನ ಪಾಲಿಗೆ ರಜೆ.

ಹರಿವಿನ ವಿಷಯದಲ್ಲಿ ಕನ್ನಡದವನಾಗಿ ನನಗೊಂದು ಅನುಕೂಲವಿತ್ತು. ಕೃಷ್ಣರಾಜಸಾಗರದ ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಮಳೆಗಾಲವಿಡೀ ಪತ್ರಿಕೆಯಲ್ಲಿ ಓದಿ ಬೆಳೆದವನಿಗೆ ಕ್ಯೂಸೆಕ್ ಹೊಸದಲ್ಲ. ಇಲ್ಲಿ ಸೇನೆಯ ಎಂಜಿನಿಯರಿಂಗ್ ದಳ ಪ್ರತಿ ಅಣೆಕಟ್ಟಿನ ಹರಿವನ್ನು ದಿನವೂ ಪ್ರಕಟಿಸುತ್ತದೆ. ಮನೆ ಬಿಡುವ ಮುಂಚೆ ಅದನ್ನು ನೋಡುವುದು ಅಭ್ಯಾಸ. ಆದರೆ ಇವು ನೀರು ಕೂಡಿಡುವ ಅಣೆಕಟ್ಟುಗಳಲ್ಲ. ಸರಕು ಬಾರ್ಜುಗಳಿಗೆ ಒಂಬತ್ತು ಅಡಿ ಆಳ ಸದಾ ಇರಲೆಂದು 1930ರ ದಶಕದಲ್ಲಿ ಕಟ್ಟಿದ ಮೆಟ್ಟಿಲುಗಳು. ನೆರೆ ಬಂದರೆ ತಡೆಯುವುದಿಲ್ಲ, ಗೇಟುಗಳನ್ನು ನೀರಿನಿಂದ ಪೂರಾ ಮೇಲೆತ್ತಿ ನದಿಗೆ ದಾರಿ ಬಿಡುತ್ತಾರೆ. ನನ್ನ ಮಟ್ಟಿಗೆ ಇಪ್ಪತ್ತು ಸಾವಿರ ಕ್ಯೂಸೆಕ್ ಆಸುಪಾಸು ದಡದವನಿಗೆ ಹಬ್ಬ. ಐವತ್ತು ಸಾವಿರ ದಾಟಿದರೆ ನಿಲ್ಲುವ ಕಲ್ಲುಗಳೇ ಮುಳುಗಿರುತ್ತವೆ, ಮೀನು ಮರಗಳ ನಡುವೆ ನುಗ್ಗಿರುತ್ತದೆ.

ಅಂಕಿ ನೋಡಿದ ಮೇಲೆ ನೀರು ನೋಡಬೇಕು. ದೊಡ್ಡ ನದಿ ಎದುರಿಗಿದ್ದರೆ ದಿಕ್ಕೇ ತೋಚುವುದಿಲ್ಲ, ಅಷ್ಟಗಲದ ನೀರಿನಲ್ಲಿ ಎಲ್ಲಿಗೆಂದು ಗಾಳ ಎಸೆಯುವುದು? ಉತ್ತರ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ರಭಸದ ನೀರೂ ನಿಧಾನದ ನೀರೂ ಒಂದಕ್ಕೊಂದು ತಾಗುವ ಕಡೆ ಮೇಲ್ಮೈಯಲ್ಲಿ ಒಂದು ಗೆರೆ ಎದ್ದಿರುತ್ತದೆ, ನೊರೆ ಎಲೆ ಕಡ್ಡಿಗಳು ಅದರ ಗುಂಟ ಸಾಲುಗಟ್ಟಿ ಹೋಗುತ್ತಿರುತ್ತವೆ. ವಾಲೈ ನಿಧಾನದ ನೀರಿನಲ್ಲಿ ಮೂತಿಯಿಟ್ಟು, ರಭಸದ ನೀರು ತಂದದ್ದನ್ನು ಕಚ್ಚುತ್ತದೆ. ಬಿದ್ದ ಮರದ ಕೆಳಗಣ ಮಡು, ಹೊಳೆಗೆ ಚಾಚಿದ ಬಂಡೆಯ ಮಗ್ಗುಲು, ಚಿಕ್ಕ ಹಳ್ಳ ಬಂದು ಸೇರುವ ಬಾಯಿ ಎಲ್ಲವೂ ಆ ಗೆರೆಯ ತವರುಗಳೇ.

ಇದನ್ನು ನನಗೆ ತೋರಿಸಿಕೊಟ್ಟವರು ಸೇಂಟ್ ಪಾಲ್‌ನಿಂದ ಬರುತ್ತಿದ್ದ ಒಬ್ಬ ಹ್ಮಾಂಗ್ ಹಿರಿಯರು. ವಿಯೆಟ್ನಾಂ ಯುದ್ಧದ ನಂತರ ಲಾವೋಸ್ ಬಿಟ್ಟು ಬಂದ ಹ್ಮಾಂಗ್ ಜನ ಆ ನಗರದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅವರಲ್ಲಿ ನುರಿತ ದಡದ ಗಾಳಗಾರರು ಬಹಳ. ಈ ಹಿರಿಯರ ಇಂಗ್ಲಿಷ್ ಕಡಿಮೆ, ನನ್ನ ಹ್ಮಾಂಗ್ ಸೊನ್ನೆ. ಮಿಕ್ಕವರೆಲ್ಲ ನದಿಗೆ ಎದುರಾಗಿ ನಿಂತು ಹೊಳೆ ನಡುವಿಗೆ ಬೀಸುತ್ತಿದ್ದರೆ ಅವರು ಪಕ್ಕಕ್ಕೆ ತಿರುಗಿ ದಡದ ಗುಂಟವೇ ಎಸೆಯುತ್ತಿದ್ದರು. ನೀರಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಕತ್ತಲಾದ ಮೇಲೆ ಯಾರಾದರೂ ಹಣೆದೀಪವನ್ನು ನೀರಿನ ಮೇಲೆ ಹಾಯಿಸಿದರೆ ಮಾತಾಡದೆ ಬುಟ್ಟಿ ಎತ್ತಿಕೊಂಡು ಬೇರೆ ಕಡೆ ಹೋಗಿಬಿಡುತ್ತಿದ್ದರು. ಮೀನು ಕಾಲಬುಡದಲ್ಲಿರುವಾಗ ಕಲ್ಲಿನ ಮೇಲೆ ಧಡಧಡ ನಡೆದು, ದೀಪ ಬೀರಿ, ಆಮೇಲೆ ಅರವತ್ತು ಗಜ ದೂರ ಎಸೆಯುವುದರಲ್ಲಿ ಅರ್ಥವಿಲ್ಲ ಎಂಬುದನ್ನು ಅಷ್ಟು ಚೆನ್ನಾಗಿ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಸಲಕರಣೆ ಬಗ್ಗೆ ಹೇಳಲು ಹೆಚ್ಚಿಲ್ಲ. ಆರೂವರೆ ಏಳಡಿಯ ಮಧ್ಯಮ ಬಲದ ರಾಡು, ಸಾಧಾರಣ ಸ್ಪಿನ್ನಿಂಗ್ ರೀಲು, ತೆಳು ಹೆಣಿಗೆಯ ದಾರ ಇಷ್ಟಿದ್ದರೆ ಸಾಕು. ತಲೆ ಓಡಿಸಬೇಕಾದದ್ದು ಜಿಗ್‌ನ ತೂಕದಲ್ಲಿ. ಜಿಗ್ ಎಂದರೆ ಸೀಸದ ಗುಂಡಿಗೆ ಕೂಡಿಸಿದ ಗಾಳ. ಅದಕ್ಕೆ ಬಾಲ ಅಲ್ಲಾಡುವ ರಬ್ಬರ್ ಮೀನನ್ನೋ ಜೀವಂತ ಮಿನ್ನೋವನ್ನೋ ಚುಚ್ಚುತ್ತೇವೆ. ಹರಿವಿಗೆ ಓರೆಯಾಗಿ ಮೇಲಕ್ಕೆ ಎಸೆದರೆ ನೀರೇ ಅದನ್ನು ಕೆಳಗೆ ತೂಗಿಸಿಕೊಂಡು ಬರಬೇಕು, ಬರುತ್ತಾ ಆಗೊಮ್ಮೆ ಈಗೊಮ್ಮೆ ತಳ ಮುಟ್ಟಬೇಕು. ಮುಟ್ಟದಿದ್ದರೆ ತೂಕ ಕಡಿಮೆ, ಮುಟ್ಟಿ ಅಲ್ಲೇ ಕೂತರೆ ಹೆಚ್ಚು. ಔನ್ಸಿನ ಎಂಟನೇ ಒಂದು ಭಾಗದಿಂದ ಕಾಲು ಔನ್ಸಿನವರೆಗೆ ಕಿಸೆಯಲ್ಲಿಟ್ಟುಕೊಂಡು ಹರಿವು ಬದಲಾದಂತೆ ಬದಲಿಸುತ್ತಿರಬೇಕು. ಬಣ್ಣ ಬದಲಿಸುವುದಕ್ಕಿಂತ ಇದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣಕ್ಕೇನೂ ಬೆಲೆಯಿಲ್ಲವೆಂದಲ್ಲ. ವಾಲೈ ಕಣ್ಣಿಗೆ ಕಿತ್ತಳೆಯೂ ಹಸಿರೂ ಚೆನ್ನಾಗಿ ಹಿಡಿಸುತ್ತವೆ, ಹಾಗಾಗಿ ಇಲ್ಲಿನ ಪ್ರತಿ ಡಬ್ಬಿಯಲ್ಲೂ ಎಳೆನಿಂಬೆ ಬಣ್ಣದ ರಬ್ಬರ್ ಇದ್ದೇ ಇರುತ್ತದೆ. ದಡ ಕೊಚ್ಚದಿರಲೆಂದು ಪೇರಿಸಿದ ಕಲ್ಲುಗಳ ಸಂದಿ ಒಂದು ಸಂಜೆಗೆ ನಾಲ್ಕಾರು ಜಿಗ್ ನುಂಗುವುದು ಮಾಮೂಲು. ನುಂಗದಿದ್ದರೆ ಮೀನಿರುವಲ್ಲಿ ಎಸೆಯುತ್ತಿಲ್ಲ ಎಂದೇ ಲೆಕ್ಕ.

ವಾಲೈ ಕಚ್ಚುವುದು ಸಿನಿಮಾದಲ್ಲಿ ತೋರಿಸುವ ಹಾಗೆ ರಾಡು ಬಾಗಿಸಿಯಲ್ಲ. ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಬೆರಳಿಗೆ ಒಂದು ಸಣ್ಣ ಟಕ್. ತಣ್ಣೀರಿನಲ್ಲಿ ಅದೂ ಇಲ್ಲ, ಜಿಗ್‌ನ ಭಾರ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಅಷ್ಟೆ. ಮಾರ್ಚ್‌ನ ಚಳಿಯಲ್ಲೂ ಬಲಗೈಯ ತೋರುಬೆರಳಿಗೆ ಗ್ಲೌಸ್ ಹಾಕದಿರುವುದು ಇದಕ್ಕೇ.

ಮಾರ್ಚ್ ಎಂದೆ. ಬಾರ್ಜುಗಳು ಓಡುವ ಇಡೀ ಮೇಲ್ದಂಡೆಯಲ್ಲಿ ಪೆಪಿನ್‌ನ ಮಂಜುಗಡ್ಡೆಯೇ ಕೊನೆಗೆ ಕರಗುವುದು. ಎಂಜಿನಿಯರಿಂಗ್ ದಳದವರು ಅದರ ದಪ್ಪ ಅಳೆದು ಹೇಳುತ್ತಾರೆ, ಅದನ್ನು ದಾಟಿ ಮೊದಲ ಬಾರ್ಜು ಸಾಲು ಸೇಂಟ್ ಪಾಲ್ ಮುಟ್ಟಿದ ದಿನ ಜಲಸಾರಿಗೆಯ ವರ್ಷಾರಂಭ. ಆದರೆ ಅಣೆಕಟ್ಟಿನ ಕೆಳಗೆ ಹರಿವಿನ ಜೋರಿಗೆ ಚಳಿಗಾಲದಲ್ಲೂ ನೀರು ತೆರೆದಿರುತ್ತದೆ. ಬೋಳುತಲೆ ಹದ್ದುಗಳು ಮೀನಿಗಾಗಿ ರೆಡ್ ವಿಂಗ್‌ನ ಕಾಲ್ವಿಲ್ ಪಾರ್ಕಿನ ಮರಗಳಲ್ಲಿ ಗುಂಪಾಗಿ ಕೂರುತ್ತವೆ. ಗಂಡು ವಾಲೈಗಳು ಮೊದಲು ಬಂದು ಕಾಯುತ್ತವೆ, ದಪ್ಪ ಹೆಣ್ಣುಗಳು ಆಮೇಲೆ. ನೀರು ಆರೇಳು ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ರಾತ್ರಿ ಹೊತ್ತು ಜಲ್ಲಿಕಲ್ಲಿನ ಮೇಲೆ, ನೆರೆ ಬಂದಿದ್ದರೆ ಮುಳುಗಿದ ಹುಲ್ಲಿನ ಮೇಲೆ, ಮೊಟ್ಟೆ ಚೆಲ್ಲಿ ಹೊರಟುಬಿಡುತ್ತವೆ. ಗೂಡಿಲ್ಲ, ಕಾವಲಿಲ್ಲ. ಈ ದಿನಗಳಲ್ಲಿ ಜನ ಮುಗಿಬೀಳುತ್ತಾರೆ. ಆಗ ಕಲ್ಲುಗಳಿಗೆ ತೆಳು ಹಿಮ ಮೆತ್ತಿರುತ್ತದೆ, ನೀರಿಗೆ ಬಿದ್ದವನಿಗೆ ಉಸಿರು ಹಿಡಿದುಕೊಳ್ಳಲೂ ವ್ಯವಧಾನ ಸಿಗುವುದಿಲ್ಲ. ದಡದಲ್ಲಿ ನಿಂತವನಿಗೇಕೆ ಲೈಫ್ ಜಾಕೆಟ್ ಎಂದು ನಗುವವರು ನಗಲಿ, ನಾನು ಹಾಕುತ್ತೇನೆ.

ನನಗೆ ಪ್ರಿಯವಾದ ಕಾಲ ಮಾತ್ರ ಅಕ್ಟೋಬರ್. ನೀರು ತಗ್ಗಿ ತಿಳಿಯಾದಾಗ ಹಳೆಯ ಕಲ್ಲೊಡ್ಡುಗಳ ಗುರುತು ಮೇಲ್ಮೈಯಲ್ಲಿ ಮೂಡುತ್ತದೆ: ದಡದಿಂದ ಹೊಳೆಯ ಒಳಕ್ಕೆ ಹೋದ ಒಂದು ನಿರಿಗೆ. 1878ರಲ್ಲಿ ಸಂಸತ್ತು ಒಪ್ಪಿದ ಯೋಜನೆಯಲ್ಲಿ, ನೀರನ್ನು ನಡುವಿಗೆ ದೂಡಿ ಹಡಗುದಾರಿ ಆಳವಾಗಲೆಂದು, ವಿಲೋ ಕಡ್ಡಿಯ ಚಾಪೆಯ ಮೇಲೆ ಕಲ್ಲು ಹೇರಿ ಕಟ್ಟಿದವು. ಅಣೆಕಟ್ಟುಗಳು ಬಂದು ನೀರೇರಿದಾಗ ಮುಳುಗಿದವು. ವಾಲೈ ಈ ಒಡ್ಡಿನ ಹಿಂದೆ ಅಡಗುತ್ತದೆ ಎಂದು ಎಣಿಸುವುದು ಸಹಜ, ಅದು ನಿಲ್ಲುವುದು ಮೇಲ್ಬದಿಯ ಮುಖದ ಬುಡದಲ್ಲಿ. ಎದುರಿನಿಂದ ಬಂದ ನೀರು ಕಲ್ಲಿಗೆ ಬಡಿದು ಅಲ್ಲೊಂದು ಮೆತ್ತನೆಯ ಜಾಗ ಮಾಡಿರುತ್ತದೆ. ಆಗಾಗ ಹದಿನೈದು ಬಾರ್ಜುಗಳ ಸಾಲು ದಾಟುತ್ತದೆ. ಮೊದಲು ದಡದ ನೀರು ಹಿಂದಕ್ಕೆ ಸೆಳೆದು ಕಲ್ಲುಗಳು ಬರಿದಾಗುತ್ತವೆ, ನಂತರ ಕೆಸರಿನ ಜೊತೆ ವಾಪಸು ನುಗ್ಗುತ್ತದೆ. ಸಾಮಾನು ಮೇಲಿಟ್ಟುಕೊಂಡು ಸುಮ್ಮನೆ ನಿಂತಿದ್ದರೆ, ನೀರು ಕದಡಿದ ಆ ಹತ್ತು ನಿಮಿಷದಲ್ಲಿ ಹಗಲಿನಲ್ಲೂ ಕಚ್ಚುವುದುಂಟು.

ಸಿಕ್ಕದ್ದು ವಾಲೈಯೋ ಸಾಗರ್ ಎಂಬ ಅದರ ದಾಯಾದಿಯೋ ಎಂದು ನೋಡಬೇಕು. ಬಾಲದ ಕೆಳತುದಿ ಬಿಳಿಯಿದ್ದರೆ ವಾಲೈ, ಬೆನ್ನಿನ ರೆಕ್ಕೆಯಲ್ಲಿ ಸಾಲುಸಾಲು ಚುಕ್ಕೆಯಿದ್ದರೆ ಸಾಗರ್. ಹದಿನೈದು ಇಂಚಿಗಿಂತ ಚಿಕ್ಕ ವಾಲೈ ಇಟ್ಟುಕೊಳ್ಳುವಂತಿಲ್ಲ. ದೊಡ್ಡದನ್ನು ನಾನಾಗಿಯೇ ಬಿಡುತ್ತೇನೆ: ದೊಡ್ಡವು ಬಹುಪಾಲು ಹೆಣ್ಣು, ಜೊತೆಗೆ ವಯಸ್ಸಾದಷ್ಟೂ ಮೈಯಲ್ಲಿ ಪಾದರಸ ಹೆಚ್ಚು. ಸೇಂಟ್ ಪಾಲ್‌ನ ಕೊಳಚೆ ಶುದ್ಧೀಕರಣ ಘಟಕ ಕೆಲಸ ಶುರುಮಾಡಿದ್ದು 1938ರಲ್ಲಿ, ಶುದ್ಧ ನೀರಿನ ಕಾನೂನು ಬಂದದ್ದು 1972ರಲ್ಲಿ. ಹೊಳೆ ಅಂದಿಗಿಂತ ಎಷ್ಟೋ ವಾಸಿ, ಆದರೂ ಯಾವ ಮೀನು ತಿಂಗಳಿಗೆ ಎಷ್ಟು ಸಲ ಎಂದು ಆರೋಗ್ಯ ಇಲಾಖೆಯ ಪಟ್ಟಿಯಿದೆ. ಗರ್ಭಿಣಿಯರಿಗೂ ಮಕ್ಕಳಿಗೂ ಅದು ಇನ್ನಷ್ಟು ಬಿಗಿ. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿದೆ.

ಹದಿನಾರು ಹದಿನೇಳು ಇಂಚಿನದ್ದು ಅಡುಗೆಗೆ ಸರಿ. ಮಾಂಸ ಬಿಳಿ, ಬಿಗಿ, ಮೀನಿನ ವಾಸನೆ ಕಡಿಮೆ. ಪೈಕ್ ಮೀನಿನ ಹಾಗೆ ಕವಲುಮುಳ್ಳಿನ ಕಾಟವಿಲ್ಲ. ಕರಾವಳಿಯ ನಾಲಗೆಗೆ ಇದು ಕಾಣೆಯ ಹತ್ತಿರದ ರುಚಿ ಎಂದರೆ ಉತ್ಪ್ರೇಕ್ಷೆಯಾಗದು. ಇಲ್ಲಿನವರು ಚರ್ಮ ಸುಲಿದು ಹಿಟ್ಟಿನಲ್ಲದ್ದಿ ಕರಿಯುತ್ತಾರೆ, ನಾವು ಹುರುಪೆ ಕೆರೆದು ಚರ್ಮ ಉಳಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಮೆಣಸಿನ ಮಸಾಲೆಗೆ ಹಿಡಿತವೇ ಇರುವುದಿಲ್ಲ. ದಡದಲ್ಲಿ ಪರಿಚಯವಾದ ಮೆಕ್ಯಾನಿಕ್ ಒಬ್ಬರು ಒಮ್ಮೆ ಮನೆಗೆ ಬಂದು ರವೆ ಮೆತ್ತಿ ಹುರಿದದ್ದನ್ನು ಬೆವರುತ್ತಲೇ ತಿಂದರು. ಹೋಗುವಾಗ ಬ್ಯಾಡಗಿ ಮೆಣಸಿನ ಪುಡಿ ಒಂದು ಡಬ್ಬಿ ಕೇಳಿ ಪಡೆದರು. ಅವರಿಗೆ ದೋಣಿಯಿದೆ, ಬದಲಿಗೆ ಬೇಸಗೆಯಲ್ಲಿ ಪೆಪಿನ್‌ಗೆ ಕರೆದೊಯ್ಯುತ್ತೇನೆ ಎಂದಿದ್ದಾರೆ. ಸಂಜೆ ಹೋಗೋಣ, ಕತ್ತಲಾದ ಮೇಲೆ ವಾಪಸಾಗೋಣ ಎಂಬ ನನ್ನ ಷರತ್ತಿಗೆ ಇನ್ನೂ ಒಪ್ಪಿಲ್ಲ.