ಮನೆಯ ಡಯಾಲಿಸಿಸ್: ಫಿಸ್ಟುಲಾ ಕೈಯ ರಕ್ಷಣೆ, ಕಿವಿಗೊಡದವರೊಡನೆ ವ್ಯವಹಾರ

ಮೂತ್ರಪಿಂಡಗಳು ತಮ್ಮ ಕಾರ್ಯವನ್ನು ನಿಲ್ಲಿಸಿದ ಬಳಿಕ ಯಂತ್ರದ ನೆರವಿನಿಂದ ರಕ್ತವನ್ನು ಶೋಧಿಸಿಕೊಂಡು ಬಾಳಬೇಕಾದವರಿಗೆ, ಆ ಯಂತ್ರಕ್ಕಿಂತಲೂ ಅಮೂಲ್ಯವಾದ ಸಂಪತ್ತೊಂದು ಅವರ ಶರೀರದಲ್ಲೇ ಇರುತ್ತದೆ. ಮುಂಗೈಯಲ್ಲಿಯೋ ಮೊಣಕೈಯ ಮೇಲ್ಗಡೆಯೋ ಶಸ್ತ್ರವೈದ್ಯರು ಒಂದು ಧಮನಿಯನ್ನು ಒಂದು ಸಿರೆಗೆ ಜೋಡಿಸಿ ನಿರ್ಮಿಸಿದ, ಬೆರಳಿಟ್ಟರೆ ಸದಾ ಜುಮ್ಮೆನ್ನುತ್ತಿರುವ ಫಿಸ್ಟುಲಾವೇ ಅದು. ಯಂತ್ರ ಕೆಟ್ಟರೆ ಮತ್ತೊಂದನ್ನು ತರಿಸಬಹುದು. ಆದರೆ ಮನುಷ್ಯನ ಕೈಗಳೆರಡೇ ಆದುದರಿಂದ, ಮತ್ತು ಆ ಕೈಗಳಲ್ಲಿ ಇದಕ್ಕೆ ಯೋಗ್ಯವಾದ ಸಿರೆಗಳು ಕೆಲವೇ ಆದುದರಿಂದ, ಒಂದು ಫಿಸ್ಟುಲಾ ಮುಚ್ಚಿಹೋಯಿತೆಂದರೆ ಆಯುಷ್ಯದ ಒಂದು ಭಾಗವೇ ಕೈಬಿಟ್ಟಂತೆ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ಕೈಯ ಹೊರಗೇ ಉಳಿಯುವ ಟೆಫ್ಲಾನ್ ನಳಿಗೆಯನ್ನು ಅಳವಡಿಸಿ ದೀರ್ಘಕಾಲದ ಡಯಾಲಿಸಿಸನ್ನು ಸಾಧ್ಯಗೊಳಿಸಿದರು. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಮತ್ತು ಆಪೆಲ್ ಎಂಬ ವೈದ್ಯರು ಹೊರಗಿನ ನಳಿಗೆಯ ಸಹವಾಸವೇ ಬೇಡವೆನಿಸುವ ಫಿಸ್ಟುಲಾದ ಕ್ರಮವನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಅದನ್ನು ಮೀರಿಸಿದ ಮಾರ್ಗ ದೊರೆತಿಲ್ಲ.

ಬೆಂಗಳೂರಿನಂಥ ನಗರಗಳಲ್ಲಿ ಈಗ ಯಂತ್ರವನ್ನೂ ನೀರು ಶುದ್ಧಿಮಾಡುವ ಆರ್‌ಓ ಘಟಕವನ್ನೂ ಮನೆಗೇ ತರಿಸಿ, ಟೆಕ್ನಿಷಿಯನ್ ಒಬ್ಬರ ಸಹಾಯದಿಂದಲೋ ಸ್ವತಃ ಕಲಿತೋ ಡಯಾಲಿಸಿಸ್ ಮಾಡಿಕೊಳ್ಳುವ ಕುಟುಂಬಗಳುಂಟು. ಇಂಥ ಮನೆಗಳಲ್ಲಿ ಎರಡು ಕಷ್ಟಗಳು ಜೊತೆಯಾಗಿಯೇ ಬರುತ್ತವೆ. ಒಂದು, ಫಿಸ್ಟುಲಾದಲ್ಲಿ ತೊಡಕು ಹುಟ್ಟುವುದು. ಇನ್ನೊಂದು, ಆ ತೊಡಕನ್ನು ಹೇಳಿಕೊಂಡಾಗ ಕೇಳಬೇಕಾದವರು ಕೇಳದೆ ಇರುವುದು. ಅಕ್ಕನ ಡಯಾಲಿಸಿಸ್ ಮಂಚದ ಪಕ್ಕದಲ್ಲಿ ಬಹುಕಾಲ ಕುಳಿತು ನಾನು ಕಂಡುಕೊಂಡದ್ದು ಇಷ್ಟು: ವಾರಕ್ಕೆ ಕೆಲವು ಗಂಟೆ ಮಾತ್ರ ಆ ಕೈಯನ್ನು ನೋಡುವವರಿಗಿಂತ, ಅದರೊಡನೆ ಮಲಗಿ ಅದರೊಡನೆ ಏಳುವ ರೋಗಿಗೇ ಅದರ ವ್ಯತ್ಯಾಸ ಮೊದಲು ತಿಳಿಯುತ್ತದೆ, ಆದರೆ ಆ ತಿಳಿವಳಿಕೆಗೆ ಅಂಕಿಗಳ ಮತ್ತು ಬರವಣಿಗೆಯ ಬಲ ದೊರೆಯುವವರೆಗೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರತಿದಿನದ ಪರೀಕ್ಷೆ

ಬೆಳಗ್ಗೆ ಮುಖ ತೊಳೆದ ಕೂಡಲೆ, ಕಾಫಿಗೂ ಮುನ್ನ, ಮಾಡತಕ್ಕ ಕೆಲಸವಿದು. ಮೊದಲು ಕಣ್ಣಿನಿಂದ ನೋಡಿರಿ: ಕೆಂಪು, ಊತ, ಕೀವು, ಹೊಳೆಯುವ ತೆಳುವಾದ ಚರ್ಮ, ಹಿಂದಿನ ಸಲದ ಸೂಜಿಯ ಗಾಯ ಒಣಗದೆ ಉಳಿದಿರುವುದು, ಇವುಗಳಲ್ಲಿ ಯಾವುದಾದರೂ ಉಂಟೆ? ಅನಂತರ ಮತ್ತೊಂದು ಕೈಯ ಬೆರಳುಗಳನ್ನು ಮೃದುವಾಗಿ ಇರಿಸಿ, ಶಸ್ತ್ರಚಿಕಿತ್ಸೆಯ ಕಲೆಯಿಂದ ಆರಂಭಿಸಿ ಮೇಲಕ್ಕೆ ಸರಿಸುತ್ತ ಬನ್ನಿರಿ. ಆಸ್ಪತ್ರೆಯವರು ಥ್ರಿಲ್ ಎಂದು ಕರೆಯುವ ಆ ನಿರಂತರವಾದ ಕಂಪನ ಆರೋಗ್ಯದ ಲಕ್ಷಣ. ಕಂಪನವಳಿದು ಅದರ ಸ್ಥಾನದಲ್ಲಿ ಬೆರಳನ್ನು ಎತ್ತಿ ಬಡಿಯುವಂಥ ನಾಡಿ ಮಾತ್ರ ಉಳಿದಿದ್ದರೆ, ರಕ್ತ ಮುಂದಕ್ಕೆ ಹರಿಯುವ ದಾರಿಯಲ್ಲಿ ಎಲ್ಲೋ ಸಿರೆ ಕಿರಿದಾಗಿದೆಯೆಂದು ಶಂಕಿಸಬೇಕು. ಕಿವಿಯನ್ನು ಹತ್ತಿರ ತಂದರೆ, ಅಥವಾ ಸ್ಟೆತಸ್ಕೋಪ್ ಇದ್ದರೆ ಅದರಿಂದ, ಮಂದ್ರವಾದ ಅಖಂಡ ಧ್ವನಿ ಕೇಳಬೇಕು. ಧ್ವನಿ ತಾರಕಕ್ಕೇರಿ ಸಿಳ್ಳಿನಂತಾಗಿದ್ದರೆ, ಅಥವಾ ತುಂಡುತುಂಡಾಗಿದ್ದರೆ, ಅದೂ ಅದೇ ಸಂಕೋಚನದ ಸೂಚನೆ. ಕೊನೆಯದಾಗಿ ಕೈಯನ್ನು ಹೃದಯದ ಮಟ್ಟಕ್ಕಿಂತ ಮೇಲಕ್ಕೆತ್ತಿರಿ. ಉಬ್ಬಿದ ಸಿರೆ ತಾನಾಗಿ ಕುಗ್ಗಿದರೆ ದಾರಿ ಸಲೀಸಾಗಿದೆ. ಯಾವುದೋ ಒಂದು ಭಾಗ ಮಾತ್ರ ಉಬ್ಬಿಯೇ ನಿಂತರೆ, ಆ ಭಾಗದ ಆಚೆಗೆ ಅಡಚಣೆಯುಂಟು. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು.

ರಕ್ತದೊತ್ತಡ ತೀರ ಇಳಿದಾಗ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು; ಆದುದರಿಂದ ಡಯಾಲಿಸಿಸ್ ಮುಗಿದು ತಲೆಸುತ್ತು ಬಂದ ದಿನ, ವಾಂತಿಭೇದಿಯಾದ ದಿನ, ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಕೈಯಿಟ್ಟು ನೋಡತಕ್ಕದ್ದು. ನಮ್ಮ ಮನೆಗಳಲ್ಲಿ ಸಹಜವಾಗಿರುವ ಕೆಲವು ಸಂಗತಿಗಳೂ ಆ ಕೈಗೆ ಶತ್ರುಗಳೇ: ಬಿಗಿಯಾದ ಬಳೆ, ತೋಳನ್ನು ಅಮುಕುವ ರವಿಕೆ, ಪೂಜೆಯಲ್ಲಿ ಮಣಿಕಟ್ಟಿಗೆ ಕಟ್ಟುವ ಕಂಕಣ, ಮೊಣಕೈಗೆ ತೂಗುಹಾಕಿದ ತರಕಾರಿ ಚೀಲ, ಕಂಕುಳಲ್ಲಿ ಹೊತ್ತ ಬಿಂದಿಗೆ, ಆ ಕೈಯನ್ನು ತಲೆದಿಂಬಾಗಿಸಿ ಮಲಗುವ ಅಭ್ಯಾಸ. ರಕ್ತದೊತ್ತಡವನ್ನು ಅಳೆಯುವ ಪಟ್ಟಿಯನ್ನಾಗಲಿ, ರಕ್ತಪರೀಕ್ಷೆಗೆಂದು ತೆಗೆದ ಸೂಜಿಯನ್ನಾಗಲಿ, ಯಾವ ಲ್ಯಾಬಿನವರೂ ಆ ಕೈಯ ಬಳಿಗೆ ತರಲು ಬಿಡಬೇಡಿರಿ.

ಸೂಜಿ ಹಾಕುವ ವೇಳೆ

ಸೂಜಿಗೆ ಮುನ್ನ ಆ ಕೈಯನ್ನು ಸಾಬೂನಿನಿಂದ ತೊಳೆಯುವುದು ರೋಗಿಯದೇ ಕರ್ತವ್ಯ. ಔಷಧದ ದ್ರವದಿಂದ ಒರೆಸಿ ಅದು ಆರುವವರೆಗೆ ಕಾಯುವುದು ಸೂಜಿ ಹಾಕುವವರ ಕರ್ತವ್ಯ. ಸೂಜಿ ಸುಲಭವಾಗಿ ಇಳಿಯುತ್ತದೆಂಬ ಒಂದೇ ಕಾರಣಕ್ಕೆ ಪ್ರತಿ ಸಲವೂ ಅದೇ ಅಂಗುಲದೊಳಗೆ ಚುಚ್ಚುತ್ತ ಹೋಗುವ ರೂಢಿ ಬಹಳ ಕಡೆ ಇದೆ, ಮತ್ತು ಅದು ಅತ್ಯಂತ ಹಾನಿಕರವಾದುದು. ಅಲ್ಲಿ ಸಿರೆಯ ಗೋಡೆ ಸಡಿಲಗೊಂಡು ಗುಳ್ಳೆಯಂತೆ ಉಬ್ಬುತ್ತದೆ, ಅದರ ಅಕ್ಕಪಕ್ಕದಲ್ಲಿ ಕಿರಿದಾಗುತ್ತದೆ. ಸಿರೆಯುದ್ದಕ್ಕೂ ಏಣಿಯ ಮೆಟ್ಟಿಲುಗಳಂತೆ ಜಾಗವನ್ನು ಬದಲಿಸುತ್ತ ಹೋಗುವ ಕ್ರಮವೇ ಬಹುಮಂದಿಗೆ ಕ್ಷೇಮ. ಪೋಲೆಂಡಿನ ವೈದ್ಯ ಟ್ವಾರ್ಡೋವ್‌ಸ್ಕಿ ಅವರು 1970ರ ದಶಕದಲ್ಲಿ ಪ್ರಚುರಪಡಿಸಿದ ಬಟನ್‌ಹೋಲ್ ಪದ್ಧತಿಯಲ್ಲಿ ಮಾತ್ರ ಉದ್ದೇಶಪೂರ್ವಕವಾಗಿ ಅದೇ ರಂಧ್ರಕ್ಕೆ, ಅದೇ ಕೋನದಲ್ಲಿ, ಸಾಧ್ಯವಾದಷ್ಟು ಒಬ್ಬರೇ ಸೂಜಿ ಹಾಕುತ್ತಾರೆ. ಮನೆಯಲ್ಲಿ ತಾವೇ ಸೂಜಿ ಹಾಕಿಕೊಳ್ಳುವವರಿಗೆ ಅದು ಅನುಕೂಲವಾಗಬಹುದಾದರೂ, ಹಕ್ಕಳೆಯನ್ನು ಪೂರ್ಣವಾಗಿ ತೆಗೆದು ಶುದ್ಧಿಮಾಡುವ ಶಿಸ್ತು ಒಂದು ದಿನ ತಪ್ಪಿದರೂ ಸೋಂಕು ರಕ್ತಕ್ಕೇ ಇಳಿಯುವ ಭಯವಿರುವುದರಿಂದ, ವೈದ್ಯರ ಒಪ್ಪಿಗೆಯಿಲ್ಲದೆ ಅದಕ್ಕೆ ಕೈಹಾಕಲಾಗದು.

ಸೂಜಿ ಸಿರೆಯ ಗೋಡೆಯನ್ನು ಹಾದು ಆಚೆ ಹೋದರೆ ಕೈ ಥಟ್ಟನೆ ಊದಿಕೊಂಡು ನೋಯುತ್ತದೆ. ಆಗ ತಕ್ಷಣ ಪಂಪನ್ನು ನಿಲ್ಲಿಸಬೇಕು. ಕ್ಲಾಂಪ್ ಹಾಕಿ, ಕಲಿಸಿಕೊಟ್ಟ ಕ್ರಮದಲ್ಲಿ ಆ ಸೂಜಿಯನ್ನು ತೆಗೆದು, ಬೆರಳಿನಿಂದ ಹದವಾಗಿ ಒತ್ತಿ ಹಿಡಿದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪಸ್ವಲ್ಪ ಹೊತ್ತು ಇಡಬೇಕು. ಊತ ಇಳಿಯುವವರೆಗೆ ಆ ಜಾಗಕ್ಕೆ ವಿಶ್ರಾಂತಿ. ಊತ ಏರುತ್ತಲೇ ಹೋದರೆ ಆಸ್ಪತ್ರೆಗೆ ಹೊರಡುವುದೊಂದೇ ದಾರಿ. ಇಲ್ಲಿ ಒಂದು ನಿಯಮವನ್ನು ಮೊದಲೇ, ಮನಸ್ತಾಪವಿಲ್ಲದ ದಿನವೇ, ಟೆಕ್ನಿಷಿಯನ್ನರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಿರಿ: ಒಬ್ಬರ ಕೈಯಲ್ಲಿ ಎರಡು ಸಲ ತಪ್ಪಿದರೆ ಮೂರನೆಯ ಯತ್ನವಿಲ್ಲ, ಹಿರಿಯ ಟೆಕ್ನಿಷಿಯನ್ನರನ್ನು ಕರೆಸತಕ್ಕದ್ದು. ಅದು ಯಾರಿಗೂ ಅವಮಾನವಲ್ಲ.

ಇನ್ನು ಸೂಜಿ ಕಳಚದಂತೆ ಪಟ್ಟಿ ಅಂಟಿಸುವ ವಿಷಯ. ಪಂಪು ನಿಮಿಷಕ್ಕೆ 300 ಮಿಲಿಲೀಟರ್ ವೇಗದಲ್ಲಿ ಓಡುತ್ತಿರುವಾಗ ರಕ್ತ ಹಿಂತಿರುಗಿಸುವ ಸೂಜಿ ಕಳಚಿಕೊಂಡರೆ ಐದು ನಿಮಿಷದಲ್ಲಿ ಒಂದೂವರೆ ಲೀಟರ್ ರಕ್ತ ಹಾಸಿಗೆಗೆ ಹರಿದುಹೋಗುತ್ತದೆ. ಪ್ರಾಯದ ಮನುಷ್ಯನ ಶರೀರದಲ್ಲಿರುವುದೇ ಸುಮಾರು ಐದು ಲೀಟರ್. ಯಂತ್ರದ ಅಲಾರಂ ಪ್ರತಿ ಸಲವೂ ಇದನ್ನು ಗುರುತಿಸುತ್ತದೆಂದು ನಂಬುವಂತಿಲ್ಲ. ಆದುದರಿಂದ ಸೂಜಿಯ ರೆಕ್ಕೆಗಳ ಕೆಳಗಿನಿಂದ ಪಟ್ಟಿಯನ್ನು ತಂದು ಮೇಲೆ ಕತ್ತರಿಯಾಕಾರದಲ್ಲಿ ದಾಟಿಸಿ ಅಂಟಿಸಿರಿ, ಟ್ಯೂಬಿಗೆ ಸಡಿಲು ಬಿಟ್ಟು ಬೇರೆಯಾಗಿ ಭದ್ರಪಡಿಸಿರಿ. ಚಳಿಯೆಂದು ಆ ಕೈಯನ್ನು ಕಂಬಳಿಯಲ್ಲಿ ಮುಚ್ಚಬೇಡಿರಿ. ಮನೆಯಲ್ಲಿ ಎರಡನೆಯವರೊಬ್ಬರು ಇಲ್ಲದೆ ಡಯಾಲಿಸಿಸ್ ಆರಂಭಿಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕರೆಂಟು ಹೋದಾಗ ಪಂಪನ್ನು ಕೈಯಿಂದ ತಿರುಗಿಸಿ ರಕ್ತವನ್ನು ದೇಹಕ್ಕೆ ಮರಳಿಸುವ ವಿಧಾನವನ್ನು ಆ ಎರಡನೆಯವರೂ ಕಲಿತಿರಬೇಕು.

ನೋಟುಬುಕ್ಕು

ಎರಡು ನೂರು ಪುಟದ ಒಂದು ನೋಟುಬುಕ್ಕನ್ನು ಇದಕ್ಕೆಂದೇ ಇಟ್ಟುಕೊಳ್ಳಿರಿ. ಡಯಾಲಿಸಿಸ್ಸಿನ ಪ್ರತಿ ಸರದಿಯ ಆರಂಭದಲ್ಲಿ, ಪಂಪಿನ ವೇಗ ನಿಮಿಷಕ್ಕೆ 200 ಮಿಲಿಲೀಟರ್ ಇರುವಾಗ, ಯಂತ್ರ ತೋರಿಸುವ ವೀನಸ್ ಪ್ರೆಷರ್ (ರಕ್ತ ಮರಳುವ ಕಡೆಯ ಒತ್ತಡ) ಎಷ್ಟು, ಆರ್ಟೀರಿಯಲ್ ಪ್ರೆಷರ್ (ರಕ್ತ ಸೆಳೆಯುವ ಕಡೆಯ ಒತ್ತಡ) ಎಷ್ಟು ಎಂದು ಬರೆಯಿರಿ. ಸೂಜಿಯ ಗಾತ್ರವೂ ವೇಗವೂ ಅವೇ ಆಗಿದ್ದರೆ ಮಾತ್ರ ಹೋಲಿಕೆಗೆ ಅರ್ಥವುಂಟು. ವೀನಸ್ ಪ್ರೆಷರ್ ಸತತವಾಗಿ ಮೂರು ಸರದಿ ಏರುತ್ತ ಬಂದರೆ ಹೊರಹರಿವಿನ ಕಡೆ ಅಡಚಣೆಯೆಂದೂ, ಆರ್ಟೀರಿಯಲ್ ಅಂಕಿ ಋಣದ ಕಡೆಗೆ ಇನ್ನಷ್ಟು ಜಾರುತ್ತಿದ್ದರೆ ಒಳಹರಿವು ಸಾಲದೆಂದೂ ಊಹಿಸಬಹುದು. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಹಿಡಿದ ಕಾಲವನ್ನೂ ಬರೆಯಿರಿ. ಎಂದಿನ ಹತ್ತು ಹದಿನೈದು ನಿಮಿಷ ಹೋಗಿ, ಮೇಲಿಂದಮೇಲೆ ಇಪ್ಪತ್ತು ದಾಟುತ್ತಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪರಿನ್ ಪ್ರಮಾಣವನ್ನೂ ಸಿರೆಯ ಸ್ಥಿತಿಯನ್ನೂ ವೈದ್ಯರು ಪರಿಶೀಲಿಸಬೇಕು. ತೋಳು ಪೂರ್ತಿ ಊದುವುದು, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡು ನೋಯುವುದು, ಇವೂ ಆ ಪುಟದಲ್ಲಿ ದಾಖಲಾಗಲಿ. ಊತಕ್ಕೆ ಎದೆಯ ಸಮೀಪದ ದೊಡ್ಡ ಸಿರೆ ಕಿರಿದಾದುದು ಕಾರಣವಿರಬಹುದು. ತಣ್ಣನೆಯ ಬೆರಳುಗಳು ರಕ್ತವೆಲ್ಲ ಫಿಸ್ಟುಲಾಕ್ಕೆ ತಿರುಗಿ ಅಂಗೈಗೆ ಸಾಲದಾದುದನ್ನು ಸೂಚಿಸಬಹುದು.

ಕಿವಿಗೊಡದವರೊಡನೆ

ಅಕ್ಕ ಒಂದು ಸಲ, "ಜುಮ್ ಅನ್ನೋದು ಹೋಗಿ ಬಡಿದ ಹಾಗಾಗ್ತಿದೆ" ಎಂದಾಗ ಟೆಕ್ನಿಷಿಯನ್ನರಿಂದ ಬಂದ ಉತ್ತರ, "ಏನೂ ಆಗಲ್ಲಮ್ಮ, ನೀವು ತುಂಬ ಯೋಚನೆ ಮಾಡ್ತೀರಿ" ಎಂಬುದು. ಅದೇ ಮಾತನ್ನು ಮುಂದಿನ ವಾರ ನಾವು ಹೀಗೆ ಹೇಳಿದೆವು: "ಸರ್, ಕಳೆದ ಮೂರು ಸರದಿಯಲ್ಲಿ 200ರ ವೇಗದಲ್ಲೇ ವೀನಸ್ ಪ್ರೆಷರ್ 110ರಿಂದ 165ಕ್ಕೆ ಏರಿದೆ, ರಕ್ತ ನಿಲ್ಲೋಕೆ ಅರ್ಧ ಗಂಟೆ ಹಿಡೀತಿದೆ. ಡಾಪ್ಲರ್ ಮಾಡಿಸಬೇಕೇ ಅಂತ ಡಾಕ್ಟರನ್ನ ಇವತ್ತೇ ಕೇಳಿ ಹೇಳಿ." ರಕ್ತದ ಹರಿವನ್ನು ತೋರಿಸುವ ಆ ಡಾಪ್ಲರ್ ಪರೀಕ್ಷೆ ಆಯಿತು, ಕಿರಿದಾದ ಭಾಗ ಕಂಡಿತು, ಬಲೂನಿನಿಂದ ಅದನ್ನು ಹಿಗ್ಗಿಸಿದರು. ಏನಾಯಿತು, ಎಂದಿನಿಂದ ಆಗುತ್ತಿದೆ, ನಮಗೇನು ಬೇಕು ಎಂಬ ಮೂರೇ ಸಂಗತಿಗಳನ್ನು, ದನಿ ಏರಿಸದೆ, ನೋಟುಬುಕ್ಕನ್ನು ಮುಂದಿಟ್ಟು ಹೇಳುವುದು ಪ್ರಥಮ ಕ್ರಮ.

ಆಗಲೂ ತಳ್ಳಿಹಾಕಿದರೆ, "ಹಾಗಾದ್ರೆ ನಾವು ಹೀಗೆ ಹೇಳಿದ್ವಿ, ನೀವು ಪರವಾಗಿಲ್ಲ ಅಂದ್ರಿ ಅಂತ ಇವತ್ತಿನ ಶೀಟಿನಲ್ಲಿ ಬರೆದು ಸಹಿ ಹಾಕಿಕೊಡಿ" ಎಂದು ಕೇಳಿರಿ. ಸಹಿಯ ಮಾತು ಬಂದೊಡನೆ ಅನೇಕರು ಡಾಕ್ಟರಿಗೆ ಫೋನು ಮಾಡುತ್ತಾರೆ. ಅನಂತರದ ಮೆಟ್ಟಿಲು ಡಯಾಲಿಸಿಸ್ ವಿಭಾಗದ ಇನ್‌ಚಾರ್ಜ್, ಆಮೇಲೆ ನೆಫ್ರಾಲಜಿಸ್ಟ್, ಆಮೇಲೆ ಸಂಸ್ಥೆಯ ಮುಖ್ಯಸ್ಥರಿಗೆ ದಿನಾಂಕ ಸಹಿತವಾದ ಪತ್ರ. ವೈದ್ಯಕೀಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುತ್ತದೆ. ಪ್ರತಿಗಳನ್ನು ಬರಹದಲ್ಲೇ ಕೇಳಿರಿ. ಖಾಸಗಿ ಸಂಸ್ಥೆಯಾದರೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಮುಂದೆ ದೂರು ಸಲ್ಲಿಸಬಹುದು.

ಮನೆಮನೆಗೆ ತಿರುಗುವ ಟೆಕ್ನಿಷಿಯನ್ನರ ದಣಿವನ್ನು ನಾನು ಬಲ್ಲೆ. ಅವರಲ್ಲಿ ಅನೇಕರು ಸ್ವಂತ ಮಕ್ಕಳಂತೆ ನಡೆದುಕೊಳ್ಳುತ್ತಾರೆ. ಆದರೂ ಅನ್ಯರ ದಣಿವಿಗೆ ರೋಗಿಯ ಸಿರೆ ಬೆಲೆ ತೆರಬೇಕಾಗಿಲ್ಲ. ಹೀಗೆ ಪಟ್ಟುಹಿಡಿಯುವುದು ಹೊಸದೇನೂ ಅಲ್ಲ: ಸಿಯಾಟಲ್ ನಗರದಲ್ಲಿ ಯಂತ್ರಗಳು ವಿರಳವಾಗಿದ್ದ ಕಾಲದಲ್ಲಿ, ಯಾರಿಗೆ ಚಿಕಿತ್ಸೆಯೆಂದು ನಿರ್ಣಯಿಸುವ ಸಮಿತಿ ಒಬ್ಬ ಹದಿಹರೆಯದ ಹುಡುಗಿಗೆ ಅವಕಾಶವನ್ನು ನಿರಾಕರಿಸಿದಾಗ, ಅವಳಿಗಾಗಿ ಆಲ್ಬರ್ಟ್ ಬ್ಯಾಬ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 1964ರಲ್ಲಿ ಕೆಲವೇ ತಿಂಗಳುಗಳೊಳಗೆ ಮನೆಯಲ್ಲಿಡಬಹುದಾದ ಯಂತ್ರವೊಂದನ್ನು ನಿರ್ಮಿಸಿದರು. ಮನೆಯ ಡಯಾಲಿಸಿಸ್ಸಿನ ಇತಿಹಾಸದ ಮೊದಲ ಪುಟಗಳಲ್ಲೇ, ಇಲ್ಲವೆಂಬ ಮಾತನ್ನು ಒಪ್ಪದವರಿದ್ದಾರೆ.

ಕಾಯಬಾರದ ಸಂದರ್ಭಗಳು

ಥ್ರಿಲ್ಲೂ ಇಲ್ಲ, ಶಬ್ದವೂ ಇಲ್ಲವೆಂದಾದರೆ ಫಿಸ್ಟುಲಾ ಹೆಪ್ಪುಗಟ್ಟಿರುವ ಸಂಭವವುಂಟು. ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ಬೇಗ ಹೋದಷ್ಟೂ ಹೆಪ್ಪನ್ನು ತೆಗೆದು ಅದನ್ನು ಉಳಿಸುವ ಅವಕಾಶ ಹೆಚ್ಚು. ತಿಕ್ಕುವುದು, ಬಿಸಿಶಾಖ ಕೊಡುವುದು, ನಾಳೆಯ ಸರದಿಗೆ ನೋಡೋಣವೆನ್ನುವುದು, ಮೂರೂ ಸಲ್ಲವು. ಉಬ್ಬಿದ ಜಾಗದ ಮೇಲಿನ ಚರ್ಮ ಹೊಳೆಯುತ್ತ ಕಪ್ಪು ಹಕ್ಕಳೆ ಕಟ್ಟಿದ್ದರೆ ಅದು ಒಡೆಯುವ ಮುನ್ನವೇ ಶಸ್ತ್ರವೈದ್ಯರನ್ನು ಕಾಣಬೇಕು. ಒಡೆದು ರಕ್ತ ಚಿಮ್ಮಿದರೆ, ರಂಧ್ರದ ಮೇಲೆಯೇ ಬೆರಳಿನಿಂದ ಬಲವಾಗಿ ಒತ್ತಿ, ಕೈಯನ್ನು ಮೇಲಕ್ಕೆತ್ತಿ, ಒತ್ತಿದ ಬೆರಳನ್ನು ತೆಗೆಯದೆ ಮತ್ತೊಬ್ಬರಿಂದ 108ಕ್ಕೆ ಕರೆ ಮಾಡಿಸಿರಿ. ದೊಡ್ಡ ಟವೆಲನ್ನು ಸುತ್ತಿದರೆ ಅದು ರಕ್ತವನ್ನು ಹೀರುತ್ತದೆಯೇ ಹೊರತು ತಡೆಯುವುದಿಲ್ಲ. ಫಿಸ್ಟುಲಾದ ಬದಲು ಕುತ್ತಿಗೆಯ ಸಿರೆಗೆ ಇಳಿಸಿದ ಪರ್ಮ್‌ಕ್ಯಾತ್ ಎಂಬ ನಳಿಗೆಯ ಮೂಲಕ ಡಯಾಲಿಸಿಸ್ ಆಗುತ್ತಿರುವವರಿಗೆ ನಡುಕದ ಜ್ವರ ಬಂದರೆ, ಮನೆಯ ಮಾತ್ರೆಯಿಂದ ಅದನ್ನು ಇಳಿಸಿ ಸುಮ್ಮನಿರಲಾಗದು. ನಳಿಗೆಯ ಸೋಂಕು ರಕ್ತಕ್ಕೆ ಇಳಿದಿದೆಯೆ ಎಂದು ಆ ದಿನವೇ ರಕ್ತದ ಕಲ್ಚರ್ ಪರೀಕ್ಷೆಯಾಗಬೇಕು.

ಊರಿನ ಜಾತ್ರೆಗೋ ಮದುವೆಗೋ ಹೋಗಿ ಅಲ್ಲಿಯ ಆಸ್ಪತ್ರೆಯಲ್ಲಿ ಒಂದೆರಡು ಸರದಿ ಮಾಡಿಸಿಕೊಳ್ಳುವ ಸಂದರ್ಭ ಬಂದಾಗ, ನೋಟುಬುಕ್ಕಿನ ಜೊತೆಗೆ ಆ ಕೈಯ ಒಂದು ನಕ್ಷೆಯನ್ನೂ ಒಯ್ಯಿರಿ. ಶಸ್ತ್ರಚಿಕಿತ್ಸೆಯ ಕಲೆ ಎಲ್ಲಿ, ರಕ್ತ ಯಾವ ಕಡೆಗೆ ಹರಿಯುತ್ತದೆ, ಸೆಳೆಯುವ ಸೂಜಿ ಎಲ್ಲಿ, ಮರಳಿಸುವ ಸೂಜಿ ಎಲ್ಲಿ, ಯಾವ ಜಾಗಕ್ಕೆ ಈಗ ವಿಶ್ರಾಂತಿ ಎಂಬುದನ್ನೆಲ್ಲ ಬಾಣದ ಗುರುತುಗಳೊಡನೆ ಬರೆದು, ನಿಮ್ಮ ವೈದ್ಯರ ಸಹಿಯನ್ನು ಹಾಕಿಸಿರಿ. ಎರಡು ಸೂಜಿಗಳು ಅದಲುಬದಲಾದರೆ ಶುದ್ಧವಾದ ರಕ್ತವೇ ಮತ್ತೆಮತ್ತೆ ಯಂತ್ರಕ್ಕೆ ಹೋಗಿ, ನಾಲ್ಕು ಗಂಟೆ ಮಲಗಿಯೂ ಪೂರ್ಣ ಫಲ ದೊರೆಯದಿರಬಹುದು. ಹೊಸಬರು ಸೂಜಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಆ ನಕ್ಷೆಯನ್ನು ಅವರ ಮುಂದಿಟ್ಟು, ಅವರೇ ಒಮ್ಮೆ ಥ್ರಿಲ್ ಮುಟ್ಟಿ ನೋಡುವವರೆಗೆ ಸೂಜಿಗೆ ಕೈಯನ್ನು ಒಡ್ಡಬೇಡಿರಿ.